ಆಷಾಢದಲ್ಲಿ ಕಂಪ್ಯೂಟರ್ ಕೊಂಡದ್ದು

ಸೊಸೆ ತವರಿಗೆ ಹೊರಡುವಾಗ ನನಗೊಂದು ಕೆಲಸ ವಹಿಸಿದ್ದಳು. ದಿನಾ ಬೆಳಿಗ್ಗೆ ಅವಳ ಕಂಪ್ಯೂಟರನ್ನು ಆನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಆಫ್ ಮಾಡಬೇಕು. ಮೋಡದ ದಿನಗಳಲ್ಲಿ ಸುಮ್ಮನೆ ಬಿಟ್ಟರೆ ಒಳಗೆ ತಂಡಿ ಸೇರುತ್ತದಂತೆ. ಯಾವುದನ್ನು ಮೊದಲು ಒತ್ತಬೇಕು, ಯಾವುದನ್ನು ಆಮೇಲೆ ಎಂದು ತೋರಿಸಿಕೊಟ್ಟಿದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಕ್ರಮ ಹೇಳಿಕೊಟ್ಟರೆ ಸಾಕು, ತಪ್ಪುವುದಿಲ್ಲ. ಎದ್ದು, ಸ್ನಾನ ಮುಗಿಸಿ, ಕಾಫಿ ಕುಡಿದು, ನೇರ ಅವಳ ಕೋಣೆಗೆ ಹೋಗಿ ಅದನ್ನು ಆನ್ ಮಾಡುವುದು. ಆಸ್ಪತ್ರೆಯಲ್ಲಿ ಬೆಳಗಿನ ರೌಂಡ್ಸ್ ಹೇಗೋ ಹಾಗೆ.

ಅವತ್ತು ಗುಂಡಿ ಒತ್ತಿದಾಗ ಡಬ್ಬಿಯ ಒಳಗಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಬಂತು. ಒಂದು ಸಲವಲ್ಲ, ಬಿಡದೆ. ಪರದೆ ಕಪ್ಪಗಿತ್ತು. ಮೇಲೊಂದು ಸಾಲು ಬಿಳಿ ಇಂಗ್ಲಿಷ್ ಅಕ್ಷರ. ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ. ಅದೇ ಲೊಚಗುಟ್ಟುವಿಕೆ, ಅದೇ ಸಾಲು.

ಇದು ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಮಗನಿಗೆ ಆ ವರ್ಷವೇ ಮದುವೆಯಾಗಿತ್ತು. ಮದುವೆಯಾದ ಮೊದಲ ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ನಡೆಯುವುದೇ. ಅವಳ ತವರು ಶ್ರೀನಿವಾಸಪುರ. ನಾವಿರುವುದು ಮಾಲೂರು. ಪದ್ಧತಿ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಿಕೊಳ್ಳಲು ನನ್ನ ತೀರಿಹೋದ ಗಂಡನ ಅಕ್ಕ ಮುಳಬಾಗಿಲಿನಿಂದ ಬಂದು ನಮ್ಮ ಮನೆಯಲ್ಲೇ ಉಳಿದಿದ್ದರು. ನನಗೆ ಇಂಥದರಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಅವರ ಮಾತನ್ನು ತೆಗೆದುಹಾಕುವ ಅಭ್ಯಾಸವೂ ಇಲ್ಲ.

ಕಂಪ್ಯೂಟರ್ ನಮ್ಮದಲ್ಲ, ಸೊಸೆಯದು. ಮದುವೆಗೆ ಮೊದಲೇ ಅವಳು ಮದುವೆ ಕಾರ್ಡುಗಳನ್ನು ಕಂಪೋಸ್ ಮಾಡಿ ಸಂಪಾದಿಸುತ್ತಿದ್ದಳು. ಆ ಸಂಪಾದನೆಯಲ್ಲೇ ಕೊಂಡದ್ದು. ಹೆಣ್ಣು ನೋಡಲು ಹೋದಾಗ, ಕೇಳದಿದ್ದರೂ ಅವಳು ಹೇಳಿದ್ದು ಒಂದೇ ಮಾತು: “ಈ ಕೆಲಸ ಮಾತ್ರ ಬಿಡಲ್ಲ.” ನಾನೂ ಕೆಲಸ ಬಿಡದೆ ಸಂಸಾರ ಮಾಡಿದವಳು. ಆ ಮಾತಿಗೇ ನನಗೆ ಹುಡುಗಿ ಒಪ್ಪಿಗೆಯಾದದ್ದು. ಮಾಲೂರಿಗೆ ಬಂದ ಮೇಲೆ ಇಲ್ಲಿನ ಒಂದು ಪ್ರೆಸ್ಸಿನವರು ಅವಳಿಗೆ ಕೆಲಸ ಕೊಡತೊಡಗಿದರು. ಅವರು ಬರೆದ ಪ್ರತಿ ಕೊಡುತ್ತಿದ್ದರು, ಇವಳು ಕಂಪೋಸ್ ಮಾಡಿ ಫ್ಲಾಪಿಯಲ್ಲಿ ಹಾಕಿ ಕೊಡುತ್ತಿದ್ದಳು. ಆ ಫ್ಲಾಪಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಚ್ಚಿನ ಪ್ಲೇಟ್ ಆಗಿ ವಾಪಸ್ಸು ಬರುತ್ತಿತ್ತು.

ಆಷಾಢದಲ್ಲಿ ಮದುವೆಯಿಲ್ಲ, ಆದ್ದರಿಂದ ಕಾರ್ಡೂ ಇಲ್ಲ. ಆದರೆ ತಿಂಗಳ ಕೊನೆಗೆ ಶ್ರಾವಣದ ಕಾರ್ಡುಗಳು ಬರತೊಡಗುತ್ತವೆ. ಅಷ್ಟರಲ್ಲಿ ಕಂಪ್ಯೂಟರನ್ನು ಯಾವುದಾದರೂ ಟೆಂಪೋದಲ್ಲಿ ಶ್ರೀನಿವಾಸಪುರಕ್ಕೆ ಕಳಿಸುವುದೆಂದು ಮಾತಾಗಿತ್ತು. ಈಗ ಕಳಿಸಲು ಉಳಿದದ್ದು ಹಲ್ಲಿ ಸದ್ದಿನ ಡಬ್ಬಿ.

ಬಸ್ ಸ್ಟ್ಯಾಂಡ್ ಹತ್ತಿರ ಟಿವಿ, ಕಂಪ್ಯೂಟರ್ ಎರಡನ್ನೂ ರಿಪೇರಿ ಮಾಡುವವನನ್ನು ಕರೆಸಿದೆ. ಅವನು ಕಿವಿಯಿಟ್ಟು ಕೇಳಿ, ಮುಚ್ಚಳವನ್ನೇ ತೆಗೆಯದೆ ಎದ್ದ.

“ಹಾರ್ಡ್ ಡಿಸ್ಕ್ ಹೋಗಿದೆ ಆಂಟಿ.”

“ಹೋಗಿದೆ ಅಂದ್ರೆ?”

“ಹೋಗಿದೆ ಅಂದ್ರೆ ಹೋಗಿದೆ. ಒಳಗಿದ್ದಿದ್ದೆಲ್ಲ ಹೋಯ್ತು.”

“ಬೇರೆ ಡಿಸ್ಕ್ ಹಾಕಪ್ಪ.”

“ಈಗ ಬರೋ ಡಿಸ್ಕೆಲ್ಲ ದೊಡ್ಡವು, ಈ ಹಳೇ ಬೋರ್ಡು ಅದನ್ನ ಗುರುತೇ ಹಿಡಿಯಲ್ಲ. ಎಲ್ಲಾದ್ರೂ ಹಳೇ ಡಿಸ್ಕ್ ಹುಡುಕಿ ಹಾಕಿದ್ರೂ, ಬೋರ್ಡು ನಾಳೆ ಹೋಗುತ್ತೋ ನಾಡಿದ್ದು ಹೋಗುತ್ತೋ. ಸುಮ್ನೆ ದುಡ್ಡು ದಂಡ. ಬೇರೆ ಕಂಪ್ಯೂಟರೇ ನೋಡ್ಕೊಳ್ಳಿ.”

ಸೊಸೆಗೆ ಫೋನ್ ಮಾಡಿದೆ. ಅವಳು ನನಗೇ ಧೈರ್ಯ ಹೇಳುವವಳಂತೆ, “ಪರವಾಗಿಲ್ಲ ಅತ್ತೆ, ಎಲ್ಲಾ ಡಿಸೈನೂ ಡಿ ಡ್ರೈವಲ್ಲಿ ಇನ್ನೊಂದು ಕಾಪಿ ಮಾಡಿಟ್ಟಿದೀನಿ” ಎಂದಳು. ರಿಪೇರಿಯವನು ಇನ್ನೂ ಬಾಗಿಲಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಕೇಳಿದೆ. ಅವನು ನಕ್ಕ.

“ಸಿ ಅನ್ನೋದೂ ಡಿ ಅನ್ನೋದೂ ಒಂದೇ ಡಿಸ್ಕು ಆಂಟಿ. ಒಂದೇ ಪೆಟ್ಟಿಗೇಲಿ ಎರಡು ಖಾನೆ ಇದ್ದಂಗೆ. ಪೆಟ್ಟಿಗೇನೇ ಬಾವಿಗೆ ಬಿದ್ರೆ?”

ಇದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ, ರಿಸೀವರನ್ನೇ ಅವನ ಕಡೆ ಹಿಡಿದೆ. ಅವನೇ ಹೇಳಿದ. ಅಂಚಿನ ಹೂಬಳ್ಳಿಗಳು, ಗಣಪತಿಗಳು, ಕಳಶಗಳು, ಕಾರ್ಡುಗಳಿಗೆಂದು ಅವಳು ವರ್ಷಗಟ್ಟಲೆ ಕೂತು ಮಾಡಿದ ಮಾದರಿಗಳು ಅವು. ಫ್ಲಾಪಿಗಳಲ್ಲಿ ಅಲ್ಪಸ್ವಲ್ಪ ಉಳಿದಿದ್ದವು, ಅಷ್ಟೆ.

ಆ ದಿನದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಗಿನ ರೌಂಡ್ಸಿಗೆ ರೋಗಿಯೇ ಇಲ್ಲದ ಹಾಗಾಯಿತು. ಕಾಫಿ ಮುಗಿದು ಲೋಟ ತೊಳೆದಿಟ್ಟ ಮೇಲೆ ಕಾಲು ತಾನಾಗಿ ಅವಳ ಕೋಣೆಗೆ ಹೋಗುತ್ತಿತ್ತು. ಹೋಗಿ ಮೇಜು ಒರೆಸಿ ಬರುತ್ತಿದ್ದೆ. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಎತ್ತರಕ್ಕೆ ತಕ್ಕಂತೆ ಮತ್ತೆ ಜೋಡಿಸಿದೆ. ಮಾರನೆಯ ದಿನ ಅದು ಸರಿಯೆನಿಸದೆ ಬಳಕೆಗೆ ತಕ್ಕಂತೆ ಜೋಡಿಸಿದೆ. ಗಂಡನ ಅಕ್ಕ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಾ ಇದನ್ನೆಲ್ಲ ನೋಡುತ್ತಿದ್ದರು.

“ಉಂಡಮ್ಮಾ, ಉಂಡು. ಸ್ವಲ್ಪ ತಡಿ. ಓಡಾಡಿ ಓಡಾಡಿ ನೆಲ ಸವೆಸ್ತೀಯ” ಎನ್ನುತ್ತಿದ್ದರು. ಅವರಿಗೆ ಮಾತಿನ ಮಧ್ಯೆ ತೆಲುಗು ಬರದಿದ್ದರೆ ಮಾತು ಪೂರ್ತಿಯಾದಂತೆ ಅನ್ನಿಸುತ್ತಿರಲಿಲ್ಲ.

“ತಡಿಯೋಕೆ ಟೈಮಿಲ್ಲ ಅಕ್ಕ. ಹೊಸ ಕಂಪ್ಯೂಟರ್ ಒಂದು ತಂದ್ಬಿಡೋಣ ಅಂತ. ನನ್ನ ಪೆನ್ಷನ್ ದುಡ್ಡಿದೆ.”

“ಆಷಾಢದಲ್ಲಿ ಹೊಸ ಸಾಮಾನಾ? ಅದೂ ಹೊಸ ಸೊಸೆ ಹೆಸರಲ್ಲಿ? ಬೇಡವೇ ಬೇಡ.”

“ಮಿಷನ್ನಿಗೆಂಥ ಆಷಾಢ ಅಕ್ಕ?”

“ಮಿಷನ್ನಿಗಿಲ್ಲ, ಮನೆಗಿದೆ.”

ಮಗ ಇಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಊಟ ಮಾಡುತ್ತಿದ್ದವನು ತನ್ನ ಸೋದರತ್ತೆಯ ಕಡೆ ತಲೆಯೆತ್ತಿ, “ನಾನೇ ಶ್ರೀನಿವಾಸಪುರಕ್ಕೆ ಹೋಗಿ ಅವಳನ್ನ ಕೇಳ್ಕೊಂಡು ಬರ್ಲಾ ಅತ್ತೆ?” ಎಂದ, ತುಂಬ ಉಪಕಾರ ಮಾಡುವವನಂತೆ.

“ಲೇ, ನೀನು ಸುಮ್ನೆ ಸಾರು ಸುರ್ಕೊಂಡು ಏಳು. ಕಂಪ್ಯೂಟರ್ ನೆಪದಲ್ಲಿ ಹೆಂಡ್ತಿ ಮುಖ ನೋಡೋಕೆ ಹೊರಟವನೆ” ಎಂದು ಅವರು ಅವನ ಬಾಯಿ ಮುಚ್ಚಿಸಿದರು.

ರಾತ್ರಿ ಫೋನಿನಲ್ಲಿ ಸೊಸೆಗೆ ಹೇಳಿದೆ. ಅಂಗಡಿಯವರು ಕಂತಿನಲ್ಲಿ ಕೊಡುತ್ತಾರೆ, ಮೊದಲ ಕಂತು ನಾನು ಕಟ್ಟುತ್ತೇನೆ, ಹೊಸ ಕಂಪ್ಯೂಟರನ್ನೇ ತೆಗೆದುಕೊ ಎಂದೆ. ಅವಳು ಒಪ್ಪಲಿಲ್ಲ.

“ನನ್ನ ಹತ್ರ ಇರೋದ್ರಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಬರುತ್ತೆ ಅತ್ತೆ. ಅದೇ ಸಾಕು.”

“ಇನ್ನೊಬ್ರು ಬಳಸಿ ಬಿಟ್ಟಿದ್ದು ಯಾಕೆ? ಯಾವ ರೋಗ ಇದೆಯೋ ಏನೋ ಅದಕ್ಕೆ.”

“ಹೊಸದ್ರಲ್ಲಿ ಹೊಸ ವಿಂಡೋಸ್ ಬರುತ್ತೆ. ನನ್ನ ಕನ್ನಡ ಸಾಫ್ಟ್‌ವೇರ್ ಹಳೇ ವಿಂಡೋಸಲ್ಲಿ ಮಾತ್ರ ಓಡೋದು. ಇದನ್ನ ಬದಲಾಯಿಸ್ಬೇಕು ಅಂದ್ರೆ ಕಂಪ್ಯೂಟರಿನಷ್ಟೇ ದುಡ್ಡು.”

ನನಗದು ನೆಪವೆನಿಸಿತು. ನನ್ನ ದುಡ್ಡು ಬೇಡವೆನ್ನಲು ಒಂದು ದಾರಿ ಹುಡುಕಿದ್ದಾಳೆ ಎಂದುಕೊಂಡೆ. ಬಳಸಿದ ಸೂಜಿ ಬಳಸಬಾರದೆಂದು ಜೀವಮಾನವೆಲ್ಲ ಬೇರೆಯವರಿಗೆ ಹೇಳಿದವಳಿಗೆ ಬಳಸಿದ ಕಂಪ್ಯೂಟರ್ ಒಪ್ಪಿಸುವುದು ಸುಲಭವಲ್ಲ. ಫೋನ್ ಇಟ್ಟು ಬಂದು ಗಂಡನ ಅಕ್ಕನ ಮುಂದೆ ಗೊಣಗಿದೆ. ಅವರು ಹೊಸೆಯುತ್ತಿದ್ದ ಬತ್ತಿಯನ್ನು ನಿಲ್ಲಿಸಿದರು.

“ಹಳೇದು ಅಂದ್ಲಾ? ಹಳೇದಾದ್ರೆ ಆಷಾಢದ ಲೆಕ್ಕಕ್ಕೆ ಬರಲ್ಲ. ತರಬಹುದು. ಹುಡುಗಿಗೆ ಬುದ್ಧಿ ಇದೆ.”

ಹೀಗೆ ಇಬ್ಬರೂ ಒಂದಾದರು, ನಾನೊಬ್ಬಳು ಬೇರೆಯಾದೆ.

ಪ್ರೆಸ್ಸಿಗೆ ಹೋಗಿ ಮಾಲೀಕರಿಗೆ ವಿಷಯ ತಿಳಿಸದೆ ವಿಧಿಯಿರಲಿಲ್ಲ. ಮುಚ್ಚಿಟ್ಟರೆ ಆಮೇಲೆ ಕಷ್ಟ. ಅವರು ಕೆಟ್ಟವರಲ್ಲ, ಅವಸರದವರು. ಮೇಜಿನ ಮೇಲಿದ್ದ ಒಂದು ಬರೆದ ಪ್ರತಿಯನ್ನು ನನ್ನ ಕಡೆ ತಳ್ಳಿದರು.

“ಶ್ರಾವಣದ ಮೊದಲನೇ ಕಾರ್ಡು ಬಂದೇಬಿಟ್ಟಿದೆ ನೋಡಿ ಸಿಸ್ಟರ್. ಫ್ಲಾಪಿ ನಾಳೆ ಸಾಯಂಕಾಲ ಪ್ರೆಸ್ ಮುಚ್ಚೋದ್ರೊಳಗೆ ಬೇಕು, ನಾಡಿದ್ದು ಬೆಳಿಗ್ಗೆ ರೈಲಿಗೆ ಹೋಗ್ಬೇಕು. ಆಗಲ್ಲ ಅಂದ್ರೆ ಬಂಗಾರಪೇಟೆಯಲ್ಲಿ ಒಬ್ರು ಕಾಯ್ತಾ ಇದಾರೆ. ಒಂದ್ಸಲ ಅವ್ರಿಗೆ ಕೊಟ್ಟೆ ಅಂದ್ರೆ ಸೀಸನ್ ಪೂರ್ತಿ ಅವ್ರಿಗೇ ಕೊಡ್ಬೇಕಾಗುತ್ತೆ. ಆಮೇಲೆ ನಿಮ್ಮ ಸೊಸೆಗೆ ಕೊಡೋಕೆ ನನ್ನ ಹತ್ರ ಏನೂ ಇರಲ್ಲ.”

“ನಾಳೆ ಸಾಯಂಕಾಲ ಅಂದ್ರಲ್ಲ, ಎಷ್ಟೊತ್ತಿಗೆ ಮುಚ್ತೀರಿ?”

“ಲೈಟ್ ಹಾಕೋ ಹೊತ್ತಿಗೆ.”

ಆ ಪ್ರತಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡೆ. ಆ ಕೆಲಸ ಕೈತಪ್ಪಿತೆಂದೇ ನನ್ನ ಲೆಕ್ಕ. ನಾಳೆ ಕಂಪ್ಯೂಟರ್ ಕೊಂಡರೂ ಅದು ಶ್ರೀನಿವಾಸಪುರ ಸೇರಿ, ಜೋಡಣೆಯಾಗಿ, ಇವಳು ಕಂಪೋಸ್ ಮಾಡುವ ಹೊತ್ತಿಗೆ ಪ್ರೆಸ್ಸಿನ ಬಾಗಿಲು ಮುಚ್ಚಿರುತ್ತದೆ. ಪರಿಸ್ಥಿತಿ ಎಷ್ಟು ಬಿಗಿಯಾಗಿದೆ ಎಂದು ಅವಳಿಗೆ ತೋರಿಸಲಷ್ಟೇ ತೆಗೆದುಕೊಂಡೆ. ಮನೆಗೆ ಬಂದು ಫೋನ್ ಮಾಡಿ, ನಾಳೆ ಬೆಳಿಗ್ಗೆ ಕೋಲಾರಕ್ಕೆ ಬಾ, ನಾನೂ ಬರುತ್ತೇನೆ, ನಿನಗೆ ಗೊತ್ತಿರುವ ಅಂಗಡಿಯಲ್ಲೇ ನೋಡೋಣ ಎಂದೆ.

“ಕೋಲಾರಾನಾ?” ಎಂದರು ಗಂಡನ ಅಕ್ಕ.

“ಮನೆಯಲ್ಲಲ್ಲವಲ್ಲ ಅಕ್ಕ, ಅಂಗಡೀಲಿ.”

“ನಾನೂ ಬರ್ತೀನಿ” ಎಂದು ಅವರು ಎದ್ದೇಬಿಟ್ಟರು, ಬಸ್ಸು ಈಗಿಂದೀಗಲೇ ಹೊರಡುತ್ತದೆಂಬಂತೆ.

ನರಸಾಪುರದ ಮೇಲೆ ಹೋಗುವ ಬೆಳಗಿನ ಬಸ್ಸು ಹಿಡಿದೆವು. ಸೀಟು ಸಿಕ್ಕಿದರೂ ನನಗೆ ಕೂರಲು ಮನಸ್ಸಿಲ್ಲ. ಎದ್ದು ನಿಂತರೆ ಬಸ್ಸು ಬೇಗ ಹೋಗುವುದೇ? ಆದರೂ ನಿಂತೆ. ದಾರಿಯಲ್ಲಿ ಇಟ್ಟಿಗೆ ತುಂಬಿದ ಲಾರಿಗಳು ಮುಂದೆ ಸಿಕ್ಕಿಕೊಂಡು ಬಸ್ಸನ್ನು ಎಳೆದೆಳೆದು ನಡೆಸಿದವು. ಗಂಡನ ಅಕ್ಕ ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಮಾಡಿದರು.

ಸೊಸೆ ನಮಗಿಂತ ಮೊದಲೇ ಬಂದು ಅಂಗಡಿಯ ಎದುರು ನಿಂತಿದ್ದಳು. ಭುಜದಲ್ಲೊಂದು ಚೀಲ, ಕೈಯಲ್ಲೊಂದು ಚೀಲ. ಕೈಯಲ್ಲಿದ್ದದ್ದರಲ್ಲಿ ಮಾವಿನಹಣ್ಣು, ಶ್ರೀನಿವಾಸಪುರದವರು ಮಾವಿನ ಕಾಲದಲ್ಲಿ ಬರಿಗೈಯಲ್ಲಿ ಬರುವುದಿಲ್ಲ. ನನ್ನನ್ನು ನೋಡಿ ನಕ್ಕಳು. ಸ್ವಲ್ಪ ಬಡವಾಗಿದ್ದಳು. ಅದನ್ನು ಹೇಳುವಷ್ಟು ಪುರುಸೊತ್ತು ನನಗಿರಲಿಲ್ಲ. “ನಡಿ ನಡಿ ಒಳಗೆ” ಎಂದು ಮೆಟ್ಟಿಲು ಹತ್ತಿದೆ.

“ನಿಲ್ಲು!” ಎಂದರು ಹಿಂದಿನಿಂದ ಗಂಡನ ಅಕ್ಕ.

ಅಂಗಡಿಯೆಂದರೆ ಶೆಟರ್ ಎಳೆಯುವ ಮಳಿಗೆಯೆಂದು ನಾನು ಅಂದುಕೊಂಡಿದ್ದೆ. ಅದು ಯಾರದೋ ಹಳೇ ಮನೆಯ ಮುಂದಿನ ಕೋಣೆ. ದೊಡ್ಡ ಮರದ ಬಾಗಿಲು, ಕೆಳಗೆ ಮೊಣಕಾಲೆತ್ತರದ ಹೊಸಿಲು, ಹೊಸಿಲಿಗೆ ಅರಿಶಿನ, ಕುಂಕುಮ, ಎರಡು ಹೂವು.

“ಇದು ಅಂಗಡಿ ಅಕ್ಕ.”

“ಅರಿಶಿನ ಹಚ್ಚಿದ ಮೇಲೆ ಹೊಸಿಲೇ. ಯಾರದಾದ್ರೇನು? ಒಬ್ರು ಒಳಗೆ ಹೋಗಿ, ಒಬ್ರು ಹೊರಗೇ ಇರಿ.”

ಅಂಗಡಿಯವರು ಬಾಗಿಲಿಗೆ ಬಂದರು. “ಯಾಕಮ್ಮಾ ಅಲ್ಲೇ ನಿಂತ್ರಿ? ಬನ್ನಿ ಒಳಗೆ.”

“ಇವರಿಬ್ರು ಅತ್ತೆ ಸೊಸೆ” ಎಂದರು ಗಂಡನ ಅಕ್ಕ.

ಅಂಗಡಿಯವರು ಸೊಸೆಯ ಕೊರಳಿನ ಹೊಸ ಕರಿಮಣಿ ನೋಡಿದರು. “ಓ, ಮೊದಲನೇ ಆಷಾಢಾನಾ?” ಎಂದು ಒಳಗೆ ಹೋಗಿ ಎರಡು ಕುರ್ಚಿ ತಂದು ಫುಟ್‌ಪಾತಿನ ಮೇಲೆ ಕಿಟಕಿಯ ಪಕ್ಕಕ್ಕೆ ಹಾಕಿದರು. ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

ಒಳಗೆ ಹೋಗುವವಳು ಯಾರೆಂಬುದರಲ್ಲಿ ಚರ್ಚೆಯಿಲ್ಲ. ಕಂಪ್ಯೂಟರ್ ತಿಳಿದವಳು ಅವಳು. ಪ್ರೆಸ್ಸಿನ ಪ್ರತಿಯನ್ನು ಅವಳ ಕೈಗೆ ಕೊಟ್ಟು, ಮಾಲೀಕರು ಹೇಳಿದ್ದನ್ನೆಲ್ಲ ಒಂದುಸಿರಿನಲ್ಲಿ ಹೇಳಿದೆ. ಅವಳು ಓದಿ ಮಡಿಸಿಕೊಂಡು ಹೊಸಿಲು ದಾಟಿದಳು.

ಕಿಟಕಿಗೆ ಕಂಬಿಗಳಿದ್ದವು. ಕಂಬಿ ಹಿಡಿದು ನಿಂತೆ. ಆಸ್ಪತ್ರೆಯಲ್ಲಿ ಬಾಗಿಲಾಚೆ ನಿಂತು ಒಳಗೆ ಇಣುಕುವ ನೆಂಟರನ್ನು ಎಷ್ಟು ಸಲ ಗದರಿಸಿ ಕಳಿಸಿದ್ದೆನೋ. ಒಳಗೆ ಬಾಗಿಲ ಬದಿಯಲ್ಲೇ ಹೊಸದೊಂದು ಕಂಪ್ಯೂಟರ್, ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ. ಒಳಗಡೆಯ ಮೇಜಿನ ಮೇಲೆ ಹಳೆಯವು ಎರಡು. ಬೆಂಗಳೂರಿನ ಯಾವುದೋ ಆಫೀಸು ಮುಚ್ಚಿದಾಗ ಬಂದವಂತೆ. ಒಂದು ಬೆಳ್ಳಗೆ ಶುಭ್ರವಾಗಿತ್ತು. ಇನ್ನೊಂದು ಬಿಸಿಲಿಗೆ ಹಳದಿ ತಿರುಗಿ, ಮುಂದಿನ ಒಂದು ಮುಚ್ಚಳವೂ ಇಲ್ಲದೆ ನಿಂತಿತ್ತು.

“ಬಾಗಿಲ ಹತ್ರ ಇರೋದನ್ನ ಕೇಳು. ಗ್ಯಾರಂಟಿ ಎಷ್ಟು ವರ್ಷ ಕೇಳು” ಎಂದು ಕೂಗಿದೆ.

“ಅದು ಬೇಡ ಅತ್ತೆ” ಎಂದಳು ತಿರುಗದೆ.

“ಮೇಡಂ ಹೇಳೋದು ಸರಿ ಅಮ್ಮಾ” ಎಂದು ಅಂಗಡಿಯವರು ಆಸೆಯಿಂದ ನನ್ನ ಪರ ವಹಿಸಿದರು. “ಹೊಸ ಕನ್ನಡ ಸಾಫ್ಟ್‌ವೇರೂ ನಾನೇ ಹಾಕ್ಸಿ ಕೊಡ್ತೀನಿ.”

ಅವಳು ಭುಜದ ಚೀಲದಿಂದ, ತವರಿಗೆ ಹೋಗುವಾಗ ಜೊತೆಗೇ ಒಯ್ದಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ವಸ್ತು ತೆಗೆದಳು. ಅದು ಅವಳ ಸಾಫ್ಟ್‌ವೇರಿನ ಲಾಕು. ಕಂಪ್ಯೂಟರಿನ ಹಿಂದೆ ಚುಚ್ಚಿದರೆ ಮಾತ್ರ ಆ ಕನ್ನಡ ತೆರೆಯುವುದು. “ಇದಕ್ಕೆ ಕೊಟ್ಟ ದುಡ್ಡು ಇನ್ನೂ ದುಡಿದು ಮುಗಿಸಿಲ್ಲ ಸಾರ್. ಇದು ಯಾವುದ್ರಲ್ಲಿ ಓಡುತ್ತೋ ಅದೇ ನಂದು.”

ಅದನ್ನು ಕೇಳಿದ ಮೇಲೆ ಹೊಸದರ ಮಾತು ನಾನೂ ಎತ್ತಲಿಲ್ಲ. ಆದರೆ ಸುಮ್ಮನಿರಲೂ ಆಗಲಿಲ್ಲ.

“ಹಾಗಾದ್ರೆ ಆ ಬಿಳೀದು ನೋಡು. ಕ್ಲೀನಾಗಿದೆ.”

ಬಿಳಿಯದರ ಮುಂದೆ ಕೂತಳು. ತಾನೇ ತಂದಿದ್ದ ಸಿ.ಡಿ. ಹಾಕಿ ಸಾಫ್ಟ್‌ವೇರ್ ಇಳಿಸಿಕೊಂಡು, ಲಾಕು ಚುಚ್ಚಿ, ಟೈಪ್ ಮಾಡತೊಡಗಿದಳು. ಅಂಗಡಿಯವರು ಪಕ್ಕದಲ್ಲಿ ಕೈಕಟ್ಟಿ ನಿಂತರು. ನನಗೆ ಕಾಣುತ್ತಿದ್ದದ್ದು ಮಾನಿಟರಿನ ಬೆನ್ನು, ಅದರ ಮೇಲೆ ಅವಳ ಹಣೆ. ಅವಳೇನು ಮಾಡುತ್ತಿದ್ದಾಳೆಂದು ಗೊತ್ತಾಗುತ್ತಿರಲಿಲ್ಲ. ಒಂದು ಸಾಲು ಹೊಡೆದು ನೋಡಿ, ಸರಿಯಿದ್ದರೆ ದುಡ್ಡು ಕೊಟ್ಟು ಏಳಬೇಕಪ್ಪ, ಇಷ್ಟು ಹೊತ್ತು ಏನು?

ಬೀದಿಯ ತುದಿಯವರೆಗೆ ನಡೆದು ಬಂದೆ. ಗಡಿಯಾರ ನೋಡಿದೆ. ಮತ್ತೆ ನಡೆದು ಬಂದೆ. ಗಂಡನ ಅಕ್ಕ ಯಾರಿಂದಲೋ ಕಡಲೆಕಾಯಿ ಕೊಂಡು, ಸಿಪ್ಪೆಯನ್ನು ಸೆರಗಿನಲ್ಲೇ ಕೂಡಿಸಿಕೊಂಡು ತಿನ್ನುತ್ತಿದ್ದರು.

“ಆಯ್ತೇನೇ?” ಎಂದು ಕಂಬಿಯ ಹತ್ತಿರ ಬಂದು ಕೇಳಿದೆ.

“ಇರಿ ಅತ್ತೆ.”

“ಸುಮ್ನೆ ಕೂತ್ಕೊಳ್ಳಮ್ಮ ಇಲ್ಲಿ” ಎಂದರು ಗಂಡನ ಅಕ್ಕ. “ಹೆರಿಗೆ ವಾರ್ಡಿನ ಹೊರಗೆ ಗಂಡಸರು ತಿರುಗ್ತಾರಲ್ಲ, ಹಂಗೆ ತಿರುಗ್ತಾ ಇದೀಯ.”

ಒಳಗಿನಿಂದ ಅವಳು “ಅಯ್ಯೋ” ಎಂದದ್ದು ಕೇಳಿತು. ಓಡಿಹೋಗಿ ಇಣುಕಿದೆ. ಶುಭ್ರವಾದ ಬಿಳಿಯ ಕಂಪ್ಯೂಟರ್ ಕೆಲಸದ ಮಧ್ಯೆ ನಿಂತುಹೋಗಿತ್ತು. ಬಾಣದ ಗುರುತು ಕದಲುತ್ತಿಲ್ಲವಂತೆ. ಅಂಗಡಿಯವರು ಆರಿಸಿ, ಹಾಕಿ, “ಒಂದೊಂದ್ಸಲ ಹಂಗಾಗುತ್ತೆ” ಎಂದರು. ಇನ್ನೊಮ್ಮೆ ಶುರುಮಾಡಿದಳು, ಇನ್ನೊಮ್ಮೆ ನಿಂತಿತು. ಅವಳು ಲಾಕು ಕಿತ್ತುಕೊಂಡು ಹಳದಿಯದರ ಮುಂದಕ್ಕೆ ಕುರ್ಚಿ ಎಳೆದುಕೊಂಡಳು. ಪಕ್ಕದ ಮುಚ್ಚಳ ತೆಗೆಸಿ ಒಳಗೆ ಬಗ್ಗಿ ನೋಡಿದಳು. ಫ್ಯಾನಿನ ಧೂಳು ಊದಿಸಿದಳು. ಕಿವಿಯಿಟ್ಟು ಕೇಳಿದಳು. ಮತ್ತೆ ಮೊದಲಿನಿಂದ ಟೈಪು.

ಮಧ್ಯಾಹ್ನವಾಗಿತ್ತು. ಊಟಕ್ಕೆ ಏಳುವುದಿಲ್ಲವೆಂದಳು. ಕಂಬಿಯ ಸಂದಿಯಲ್ಲಿ ಒಂದು ಮಾವಿನಹಣ್ಣು ತೊಳೆದು ಕೊಟ್ಟೆ; ಕೊಡುವ ಮೊದಲು ಗಂಡನ ಅಕ್ಕನ ಮುಖ ನೋಡಿದೆ. “ಕಿಟಕಿಗೆ ಹೊಸಿಲಿಲ್ಲ, ಕೊಡು” ಎಂದರು.

ಆಮೇಲೊಂದು ಹೊತ್ತಿನಲ್ಲಿ ಒಳಗೆ ಪ್ರಿಂಟರ್ ಕಿರಗುಟ್ಟಿತು. ಸೊಸೆ ಕಿಟಕಿಗೆ ಬಂದು ಒಂದು ಹಾಳೆಯನ್ನು ಕಂಬಿಯಿಂದಾಚೆ ಚಾಚಿದಳು.

“ಪ್ರೂಫ್ ನೋಡಿ ಅತ್ತೆ. ಬೇಗ.”

ನೋಡಿದರೆ ಪ್ರೆಸ್ಸಿನ ಕಾರ್ಡು. ಪೂರ್ತಿ. ಮೇಲೆ ದೇವರು, ಕೆಳಗೆ ಮುಹೂರ್ತ, ವಧು, ವರ, ಎರಡೂ ಕಡೆಯ ಹಿರಿಯರು, ಸುತ್ತ ಒಂದು ಸರಳ ಅಂಚು. ಅವಳು ಕಂಪ್ಯೂಟರ್ ಪರೀಕ್ಷೆ ಮಾಡುತ್ತಿದ್ದಾಳೆಂದು ನಾನಿದ್ದೆ. ಅವಳು ಕೆಲಸ ಮುಗಿಸುತ್ತಿದ್ದಳು. ಕೊಳ್ಳಬೇಕಾದ ಕಂಪ್ಯೂಟರಿನಲ್ಲೇ, ಕೊಳ್ಳುವ ಮೊದಲೇ.

ನನಗೆ ಎರಡು ನಿಮಿಷ ಕನ್ನಡಕ ಸಿಗಲಿಲ್ಲ. ಅದು ಹಣೆಯ ಮೇಲೇ ಇತ್ತು. ಬರೆದ ಪ್ರತಿಯನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಹಿಡಿದು, ಡ್ಯೂಟಿ ಬದಲಾಗುವಾಗ ಔಷಧಿ ತಾಳೆ ನೋಡುವ ಹಾಗೆ ಸಾಲುಸಾಲು ನೋಡಿದೆ. ಒಂದಕ್ಷರ ಹೆಚ್ಚುಕಡಿಮೆಯಿಲ್ಲ.

“ಸರಿ ಇದೆ. ಫ್ಲಾಪಿ ಕೊಡು, ಹೊರಡ್ತೀನಿ.”

“ತಾ ಇಲ್ಲಿ” ಎಂದು ಗಂಡನ ಅಕ್ಕ ಹಾಳೆ ಕಿತ್ತುಕೊಂಡರು. ದೂರಕ್ಕೆ ಹಿಡಿದು, ತುಟಿಯಾಡಿಸುತ್ತಾ ಓದಿದರು. ಓದಿ ಮುಗಿಸಿ ಮತ್ತೆ ಮೇಲಿನಿಂದ ಹುಡುಕಿದರು.

“ಏನೇ ಇದು, ಹುಡುಗಿ ಸೋದರಮಾವನ ಹೆಸರೆಲ್ಲಿ?”

“ಅವರು ಬರ್ದು ಕೊಟ್ಟಿರೋದೇ ಇಷ್ಟು ದೊಡ್ಡತ್ತೆ” ಎಂದಳು ಸೊಸೆ ಒಳಗಿನಿಂದ.

“ಸೋದರಮಾವನ ಹೆಸರಿಲ್ದೆ ಕಾರ್ಡು ಹಂಚಿದ್ರೆ ಅವನು ಮದುವೆಗೆ ಬರ್ತಾನಾ? ಹುಡುಗೀನ ಮಂಟಪಕ್ಕೆ ಎತ್ಕೊಂಡು ಬರೋರ್ಯಾರು? ಮರ್ತಿರ್ತಾರೆ. ಫೋನ್ ಮಾಡಿ ಕೇಳು.”

“ಅಕ್ಕ, ನಮಗ್ಯಾಕೆ? ಇರೋದನ್ನ ಇದ್ದ ಹಾಗೆ ಮಾಡಿದೀವಿ, ಬಸ್ಸಿಗೆ ಹೊತ್ತಾಗುತ್ತೆ.”

“ಕಾರ್ಡು ಅಚ್ಚಾಗಿ ಬಂದ್ಮೇಲೆ ಜಗಳ ಯಾರ ತಲೆಗೆ ಬರುತ್ತೆ? ನಿನ್ನ ಸೊಸೆ ತಲೆಗೆ.”

ಅದು ನಿಜ. ಎದುರಿನ ಬೂತಿಗೆ ಓಡಿ ಪ್ರೆಸ್ಸಿಗೆ ಫೋನ್ ಮಾಡಿದೆ. ಮಾಲೀಕರು, “ಬರ್ದಿದ್ದಷ್ಟು ಹಾಕಿ ಸಿಸ್ಟರ್” ಎಂದು ಮೊದಲು ರೇಗಿದರು. ಸೋದರಮಾವನ ಹೆಸರಿಲ್ಲ ಎಂದ ಮೇಲೆ ತಣ್ಣಗಾದರು. “ಇರಿ, ಅವರ ಮನೆಗೇ ಕೇಳ್ತೀನಿ, ಸ್ವಲ್ಪ ಬಿಟ್ಟು ಮಾಡಿ.” ಬೂತಿನೊಳಗೆ ಕೂರಲಾಗದೆ ಹೊರಗೆ ಬಂದೆ, ಹೊರಗಿರಲಾಗದೆ ಒಳಗೆ ಹೋದೆ. ಬೂತಿನವನು, “ಅಮ್ಮಾ, ಆ ಬಾಗ್ಲು ಮುರಿದೋಗುತ್ತೆ” ಎಂದ. ಮತ್ತೆ ಫೋನ್ ಹಚ್ಚಿದಾಗ ಮಾಲೀಕರ ಧ್ವನಿಯೇ ಬೇರೆಯಾಗಿತ್ತು.

“ಮರೆತೇ ಹೋಗಿದ್ರಂತೆ ಸಿಸ್ಟರ್. ಹುಡುಗಿ ತಾಯಿ ಫೋನಲ್ಲೇ ತಲೆ ತಲೆ ಚಚ್ಕೊಂಡ್ರು. ಬರ್ಕೊಳ್ಳಿ ಹೆಸರು.”

ಬರೆದುಕೊಂಡು ಬಂದು ಕಿಟಕಿಯಲ್ಲಿ ಕೊಟ್ಟೆ. ಸೊಸೆ ಅದನ್ನು ಅದರ ಜಾಗದಲ್ಲಿ ಸೇರಿಸಿ, ಮಿಕ್ಕ ಸಾಲುಗಳನ್ನು ಕೆಳಗಿಳಿಸಿ, ಇನ್ನೊಂದು ಪ್ರೂಫ್ ತೆಗೆದು, ಎರಡು ಫ್ಲಾಪಿಗಳಿಗೆ ಹಾಕಿದಳು. “ಒಂದು ಓಡದಿದ್ರೆ ಇನ್ನೊಂದು” ಎಂದು ಎರಡನ್ನೂ ನನ್ನ ಕೈಗಿಟ್ಟಳು. ಹಳದಿ ಕಂಪ್ಯೂಟರ್ ಆ ಹೊತ್ತಿನವರೆಗೂ ಒಂದು ಸಲವೂ ನಿಂತಿರಲಿಲ್ಲ. ಅದನ್ನೇ ಕೊಂಡಳು. ಅವಳ ಪರ್ಸಿನಿಂದ ಅವಳೇ ದುಡ್ಡು ಕೊಟ್ಟಳು. ನಾನು ಕಿಟಕಿಯಿಂದ, “ಸಾರ್, ಶ್ರಾವಣ ಮುಗಿಯೋದ್ರೊಳಗೆ ಕೆಟ್ರೆ ನೀವೇ ಸರಿ ಮಾಡಿಕೊಡ್ಬೇಕು, ದುಡ್ಡು ಕೇಳಂಗಿಲ್ಲ” ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು, “ಆಗ್ಲಿ ತಾಯಿ, ಅಷ್ಟೊತ್ತಿಗೆ ನೀವು ಒಳಗೆ ಬರೋಹಾಗೂ ಆಗಿರುತ್ತೆ” ಎಂದರು. ಮಾವು ಇಳಿಸಿ ಶ್ರೀನಿವಾಸಪುರಕ್ಕೆ ಮರಳುವ ಟೆಂಪೋ ಒಂದು ಅವಳ ಅಪ್ಪನಿಗೆ ಗೊತ್ತಿತ್ತು. ಅದರಲ್ಲಿ ಮಾನಿಟರಿಗೆ ಒಣಹುಲ್ಲು ಸುತ್ತಿ ಇಟ್ಟರು. ಟೆಂಪೋ ಹೊರಡುವುದನ್ನು ನೋಡಲು ನಾನು ನಿಲ್ಲಲಿಲ್ಲ.

ಮಾಲೂರಿನ ಪ್ರೆಸ್ಸಿಗೆ ಹೋದಾಗ ಮಾಲೀಕರು ಒಂದು ಬಾಗಿಲು ಹಾಕಿ ಇನ್ನೊಂದರ ಚಿಲಕಕ್ಕೆ ಕೈಯಿಟ್ಟಿದ್ದರು. ಪ್ರೂಫ್ ನೋಡಿ, ಫ್ಲಾಪಿಗಳನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಹಾಕಿದ್ದ ಬಾಗಿಲು ಮತ್ತೆ ತೆರೆದು ಒಳಗಿನಿಂದ ಬರೆದ ಪ್ರತಿಗಳನ್ನು ತಂದರು. ಅರ್ಧ ನನಗೆ ಕೊಟ್ಟರು, ಅರ್ಧ ಮೇಜಿನ ಮೇಲೇ ಇಟ್ಟರು.

“ಅವು?” ಎಂದೆ.

“ನಿಮ್ಮನ್ನ ನಂಬ್ಕೊಂಡು ಕೂರೋಕಾಗುತ್ತಾ ಸಿಸ್ಟರ್? ಬಂಗಾರಪೇಟೆಯವರಿಗೂ ಮಾತು ಕೊಟ್ಟಿದೀನಿ. ಇವು ಹೆಂಗೆ ಬರುತ್ವೋ ನೋಡ್ತೀನಿ. ಆಮೇಲೆ ಮಾತಾಡೋಣ.”

ಅವರ ಮೇಲೆ ಕೋಪ ಬಂತು. ನ್ಯಾಯವೂ ಅನ್ನಿಸಿತು. ತೆಗೆದುಕೊಂಡು ಬಂದೆ.

ಆಷಾಢದಲ್ಲಿ ಉಳಿದ ದಿನಗಳು ಹೀಗೆ ಹೋದವು: ನಾನು ಮಾಲೂರಿನಿಂದ ಬರೆದ ಪ್ರತಿ ಹಿಡಿದು ಕೋಲಾರದ ಬಸ್ ಸ್ಟ್ಯಾಂಡಿಗೆ, ಅವಳು ಶ್ರೀನಿವಾಸಪುರದಿಂದ ಫ್ಲಾಪಿ, ಪ್ರೂಫ್ ಹಿಡಿದು ಅಲ್ಲಿಗೇ. ಅಲ್ಲಿ ಬಾಗಿಲೂ ಇಲ್ಲ, ಹೊಸಿಲೂ ಇಲ್ಲ. ಕಲ್ಲುಬೆಂಚಿನ ಮೇಲೆ ಕೂತು ಪ್ರೂಫ್ ನೋಡುತ್ತಿದ್ದೆವು. ಗಂಡನ ಅಕ್ಕ ನಮ್ಮಿಬ್ಬರ ನಡುವೆ ಕೂತು ಸೋದರಮಾವಂದಿರನ್ನೂ ಸೋದರತ್ತೆಯರನ್ನೂ ಹುಡುಕುತ್ತಿದ್ದರು. ಒಂದು ದಿನ ಅವರೇ ಬೇಸತ್ತು, “ಅತ್ತೆ ಸೊಸೆ ದೂರ ಇರ್ಲಿ ಅಂತ ಆಷಾಢ ಮಾಡಿದ್ರೆ, ಇವರಿಬ್ರು ಬಸ್ ಸ್ಟ್ಯಾಂಡಲ್ಲೇ ಸಂಸಾರ ಹೂಡಿದಾರೆ” ಎಂದು ಪಕ್ಕದಲ್ಲಿ ಕೂತಿದ್ದ ಯಾವುದೋ ಹೆಂಗಸಿಗೆ ದೂರು ಹೇಳಿದರು.

ಅವತ್ತು ನನ್ನ ಚೀಲದಲ್ಲಿ ಪ್ರತಿಗಳು ಎಂದಿಗಿಂತ ಹೆಚ್ಚಿದ್ದವು. ಬಂಗಾರಪೇಟೆಗೆ ಹೋಗಬೇಕಾಗಿದ್ದ ಎರಡನ್ನು ಮಾಲೀಕರು ತಾವಾಗಿಯೇ ಇವುಗಳ ಜೊತೆ ಸೇರಿಸಿ ಕೊಟ್ಟಿದ್ದರು. ಅದನ್ನು ಹೇಳಿದೆ. ಸೊಸೆ ಎಣಿಸಲಿಲ್ಲ, ಎಲ್ಲವನ್ನೂ ಬಾಚಿ ಚೀಲಕ್ಕೆ ಹಾಕಿಕೊಂಡಳು. ಶ್ರೀನಿವಾಸಪುರದ ಬಸ್ಸು ಹಿಮ್ಮುಖವಾಗಿ ತಿರುಗುತ್ತಿತ್ತು.

“ಅತ್ತೆ, ಇನ್ನೂ ಕೊಟ್ರೆ ತಗೊಂಡ್ಬನ್ನಿ. ಆಗಲ್ಲ ಅಂತ ಮಾತ್ರ ಹೇಳ್ಬೇಡಿ.”

“ನಿದ್ದೆ ಯಾವಾಗ ಮಾಡ್ತೀಯೇ?”

“ಶ್ರಾವಣ ಆದ್ಮೇಲೆ” ಎಂದು ಓಡುತ್ತಲೇ ಹೇಳಿ ಬಸ್ಸು ಹತ್ತಿದಳು.